ಜಪಾನ್ ತೊಟ್ಟಿಗೆ ಮೂರು ತೊಲೆ

ಆಫೀಸಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಹಿತ್ತಿಲಿನಿಂದ ಅಪ್ಪನ ನಗು ಕೇಳಿಸಿತು. ಅಪ್ಪ ಅಷ್ಟು ಜೋರಾಗಿ ನಗುವುದು ತನ್ನ ಮಾತು ನಡೆದಾಗ ಮಾತ್ರ. ಬ್ಯಾಗನ್ನೂ ಇಳಿಸದೆ ಸೀದಾ ಬಚ್ಚಲುಮನೆಗೆ ಹೋದೆ. ಅಲ್ಲಿ ಜಪಾನಿನವರ ಮರದ ತೊಟ್ಟಿಯನ್ನು ನಾಲ್ಕು ಕಾಲಿನ ಚೌಕಟ್ಟಿನ ಮೇಲೆ ಏರಿಸಿ ನಿಲ್ಲಿಸಿದ್ದರು. ಕಾಲುಗಳೇ ನನ್ನ ಸೊಂಟದ ತನಕ ಇದ್ದವು. ಅದರ ಮೇಲೆ ಆಳವಾದ ತೊಟ್ಟಿ. ಒಳಗೆ ಇಣುಕಬೇಕಾದರೆ ನಾನೇ ತುದಿಗಾಲಲ್ಲಿ ನಿಲ್ಲಬೇಕಾಗಿತ್ತು.

"ಹೆಂಗೈತೆ?" ಎಂದ ಅಪ್ಪ, ಚೌಕಟ್ಟಿನ ಕಾಲನ್ನು ತಟ್ಟುತ್ತ. ಪಕ್ಕದಲ್ಲಿ ಬಡಗಿ ಪಿಳ್ಳಣ್ಣ ಬೀಡಿ ಹಚ್ಚಿಕೊಂಡು ಹೊಗಳಿಕೆಗೆ ಕಾಯುತ್ತಿದ್ದ.

"ಅಮ್ಮ ಇದರೊಳಕ್ಕೆ ಹೆಂಗೆ ಇಳೀತಾಳೆ?" ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಆ ಪ್ರಶ್ನೆ ಅವರಿಗೆ ಹೊಳೆದೇ ಇರಲಿಲ್ಲ. ಅದನ್ನು ಕಂಡೇ ನನ್ನ ಮೈ ಉರಿದುಹೋಯಿತು. ಕಡೆಗೆ ಪಿಳ್ಳಣ್ಣ, "ಒಂದು ಏಣಿ ಮಾಡ್ಕೊಟ್ರೆ ಆಯ್ತು ಬಿಡವ್ವ" ಎಂದ.

ಏಣಿಯಂತೆ. ಅಮ್ಮನಿಗೆ ಹೊಸ್ತಿಲು ದಾಟಬೇಕಾದರೂ ಬಾಗಿಲು ಹಿಡಿಯಬೇಕು. ಸಂಧಿವಾತ ಅವಳ ಮಂಡಿಗಳನ್ನೂ ಬೆರಳುಗಳನ್ನೂ ಹಿಡಿದು ಎಷ್ಟೋ ವರ್ಷಗಳಾಗಿದ್ದವು. ಮುದ್ದೆ ಕೋಲು ಹಿಡಿಯಲಾಗದೆ ಮೊಣಕೈಯಲ್ಲಿ ಒತ್ತಿಕೊಂಡು ತಿರುವುತ್ತಿದ್ದಳು. ಮುದ್ದೆಯಲ್ಲಿ ಗಂಟು ಉಳಿದರೆ ಅಪ್ಪ ತಟ್ಟೆಯ ಅಂಚಿಗೆ ಆ ಗಂಟುಗಳನ್ನು ತೆಗೆದಿಟ್ಟು ಅವಳಿಗೆ ಕಾಣುವ ಹಾಗೆ ಬಿಟ್ಟೇಳುತ್ತಿದ್ದ. ಸಾಲದ್ದಕ್ಕೆ ಆ ವರ್ಷ ಅಕ್ಕ ಬಾಣಂತನಕ್ಕೆ ಬಂದಿದ್ದಳು. ದಿನಾ ಬೆಳಿಗ್ಗೆ ಬಾಣಂತಿಗೂ ಕೂಸಿಗೂ ಎಣ್ಣೆಯೊತ್ತಿ ಬಿಸಿನೀರು ಎರೆಯುವುದು ಅಮ್ಮನ ಕೆಲಸ. ಎಲ್ಲರದೂ ಮುಗಿದ ಮೇಲೆ ಹಂಡೆಯ ತಳದಲ್ಲಿ ಉಳಿದ ಉಗುರುಬೆಚ್ಚಗಿನ ನೀರು ಅಮ್ಮನಿಗೆ. ನಾನು ಹುಟ್ಟಿದಾಗಿನಿಂದ ನೋಡಿದ್ದು ಇದನ್ನೇ.

ತೊಟ್ಟಿ ಬಂದದ್ದೂ ಅಮ್ಮನಿಗಾಗಿಯೇ. ನಮ್ಮದು ಸಾರಕ್ಕಿ. ಅಪ್ಪ ಚಿಕ್ಕಬೈರಪ್ಪ ಉಳುತ್ತಿದ್ದ ಹೊಲಗಳ ಮೇಲೆ ಈಗ ಜೆ.ಪಿ. ನಗರದ ರಸ್ತೆಗಳು ಓಡುತ್ತಿವೆ. ಹೊಲ ಹೋದ ಮೇಲೆ ಜಯನಗರದಲ್ಲಿ ಒಂದು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಅಲ್ಲಿಗೆ ಯಾವುದೋ ಯಂತ್ರದ ಕಾರ್ಖಾನೆಗೆಂದು ಬಂದ ಜಪಾನಿನ ಎಂಜಿನಿಯರೊಬ್ಬ ಹೆಂಡತಿಯ ಜೊತೆ ಬಿಡಾರ ಹೂಡಿದ. ಆಕೆಯ ಹೆಸರು ಫುಮಿಕೊ. ಅಮ್ಮನ ಬಾಯಲ್ಲಿ ಪುಮಿಯಮ್ಮ. ಅಮ್ಮ ಒಂದು ದಿನ ನುಗ್ಗೇಕಾಯಿ ಕೊಡಲು ಹೋದಾಗ ಆಕೆ ಅಮ್ಮನ ಬೆರಳುಗಳನ್ನು ಹಿಡಿದು ನೋಡಿದಳಂತೆ. ಒಳಗೆ ಕರೆದುಕೊಂಡು ಹೋಗಿ, ಮೊದಲು ಮಣೆಯ ಮೇಲೆ ಕೂರಿಸಿ ಚೆನ್ನಾಗಿ ಮೈ ತೊಳೆಸಿ, ಆಮೇಲೆ ಕತ್ತಿನ ತನಕ ಬಿಸಿನೀರಿದ್ದ ತೊಟ್ಟಿಯಲ್ಲಿ ಇಳಿಸಿದಳಂತೆ. ಅವತ್ತು ಮನೆಗೆ ಬಂದ ಅಮ್ಮ ನನ್ನೆದುರು ಕೈ ಚಾಚಿ ಐದು ಬೆರಳನ್ನೂ ಬಿಡಿಸಿ ತೋರಿಸಿದಳು. ಆಮೇಲೆ ವಾರಕ್ಕೊಮ್ಮೆ, ಅಪ್ಪ ಮಧ್ಯಾಹ್ನ ಮಲಗಿದಾಗ, ಬಸ್ಸು ಹತ್ತಿ ಹೋಗಿಬರುತ್ತಿದ್ದಳು.

ಎಂಬತ್ತಮೂರರಲ್ಲಿ ಅವರು ಊರಿಗೆ ಹೊರಟಾಗ ಫುಮಿಕೊ ತೊಟ್ಟಿಯನ್ನು ಅಮ್ಮನಿಗೆಂದು ಬಿಟ್ಟುಹೋದಳು. ಅಲ್ಲಿ ಅದು ನೆಲಕ್ಕೆ ಸಿಮೆಂಟು ಹಾಕಿ ಕೂರಿಸಿದ ಗಿಡ್ಡ ತೊಲೆಗಳ ಮೇಲಿತ್ತು. ತೊಟ್ಟಿ ಎತ್ತಿನ ಗಾಡಿಯಲ್ಲಿ ಸಾರಕ್ಕಿಗೆ ಬಂತು. ತೊಲೆಗಳನ್ನು ಅಪ್ಪ ಒಡೆಸಿ, ಹೊಸ ಬಾಡಿಗೆಯವರಿಗಾಗಿ ನೆಲ ಸಮ ಮಾಡಿಸಿದ. ತೊಟ್ಟಿಗೆ ಹೊಸ ಚೌಕಟ್ಟು ಬೇಕಿತ್ತು. ನಾನು ಎಂಜಿನಿಯರುಗಳ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್. ದಿನವಿಡೀ ಬೇರೆಯವರ ಸೇತುವೆ, ಬೇರೆಯವರ ತೊಲೆಗಳ ನಕ್ಷೆಯನ್ನು ತೆಳು ಕಾಗದದ ಮೇಲೆ ಮಸಿಯಲ್ಲಿ ತೀಡುವ ಕೆಲಸ. ಫುಮಿಕೊ ಮನೆಯಲ್ಲಿ ನೋಡಿದ್ದನ್ನು ನೆನಪಿಟ್ಟು ಒಂದು ನಕ್ಷೆ ಬರೆದು ಅಪ್ಪನ ಕೈಗೆ ಕೊಟ್ಟಿದ್ದೆ. ಅಪ್ಪ ಅದನ್ನು ಎಲೆಯಡಿಕೆ ತಟ್ಟೆಯ ಕೆಳಗಿಟ್ಟು, ಪಿಳ್ಳಣ್ಣನಿಗೆ ತನ್ನ ಮನಸ್ಸಿಗೆ ಬಂದದ್ದನ್ನು ಹೇಳಿದ್ದ.

"ನಾನು ಬರ್ಕೊಟ್ಟಿದ್ದೇನು, ನೀವು ಮಾಡಿರೋದೇನು?" ಎಂದೆ.

"ನೀರಿರೋ ಪಾತ್ರೇನ ಯಾರಾದ್ರೂ ನೆಲದ ಮೇಲೆ ಇಡ್ತಾರೇನೇ? ಹಂಡೆ ಎಲ್ಲೈತೆ? ಒಲೆ ಮೇಲೈತೆ. ಕುಡಿಯೋ ನೀರಿನ ಕೊಡ ಎಲ್ಲೈತೆ? ಕಟ್ಟೆ ಮೇಲೈತೆ. ಬಚ್ಚಲ ನೀರು ಹರಿಯೋ ಜಾಗದಾಗೆ ಸ್ನಾನದ ನೀರು ಕೂರುಸ್ತಾಳಂತೆ!"

"ಅದು ಪಾತ್ರೆ ಅಲ್ಲಪ್ಪ. ಮನುಷ್ಯರು ಕೂರೋ ಜಾಗ. ಎತ್ತರದ ಮಾತು ಹಂಗಿರ್ಲಿ. ತುಂಬುದ್ರೆ ಇದು ಒಂದು ಎತ್ತಿನಷ್ಟು ತೂಗ್ತದೆ. ಪಿಳ್ಳಣ್ಣ, ನೀನು ಮಾಡಿರೋದು ಮಂಚ. ಎತ್ತನ್ನ ಮಂಚದ ಮೇಲೆ ಮಲಗುಸ್ತೀಯಾ?"

"ನನ್ ಮಂಚದ ಮೇಲೆ ಊರಿಗೂರೇ ಮಲಗೈತೆ, ಒಂದೂ ಮುರಿದಿಲ್ಲ" ಎಂದು ಪಿಳ್ಳಣ್ಣ ಬೀಡಿ ಬಿಸಾಡಿ ಹೊರಟ.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಜಗಳ ನಿಲ್ಲಿಸಬೇಕೆಂದೋ ಏನೋ, ಅಡುಗೆಮನೆಯ ಸ್ಟೂಲು ತಂದು ತೊಟ್ಟಿಯ ಪಕ್ಕ ಇಟ್ಟು ಅದರ ಮೇಲೆ ಒಂದು ಕಾಲಿಡಲು ನೋಡಿದಳು. ಮಂಡಿ ಮೇಲೇಳಲಿಲ್ಲ. ಎರಡು ಕೈಯಲ್ಲೂ ತೊಡೆಯನ್ನು ಹಿಡಿದೆತ್ತಿ ನೋಡಿದಳು. ಆಗಲೂ ಆಗಲಿಲ್ಲ. ಬಾಯಲ್ಲಿ ಹುಸಿನಗು ಇತ್ತು, ಕಣ್ಣಲ್ಲಿ ನೀರು ನಿಂತಿತ್ತು.

"ಇರ್ಲಿ ಬಿಡು ಮಂಗ್ಳಾ. ನಂಗೆ ಒಂದು ಚೊಂಬು ನೀರಾದ್ರೆ ಸಾಕು."

ಈ 'ಸಾಕು' ಎಂಬ ಮಾತನ್ನು ಅಮ್ಮನ ಬಾಯಿಂದ ಕೇಳಿ ಕೇಳಿ ನನಗೆ ಸಾಕಾಗಿತ್ತು. ಮೀನು ಮಾಡಿದ ದಿನ ಸಾರು ಸಾಕು, ಹಬ್ಬಕ್ಕೆ ಹಳೇ ಸೀರೆ ಸಾಕು. ಅಪ್ಪನಿಗಿಂತ ಹೆಚ್ಚು ಸಿಟ್ಟು ಆ ಮಾತಿನ ಮೇಲೆ ಬರುತ್ತಿತ್ತು.

ಆ ಭಾನುವಾರ ಅಪ್ಪ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದ. ಜಪಾನ್ ತೊಟ್ಟಿ ತುಂಬುವುದನ್ನು ತೋರಿಸಬೇಕಲ್ಲ. ಬಾವಿಯಿಂದ ನೀರು ಸೇದಿ ಸೇದಿ ಸುರಿದರು. ಮುಕ್ಕಾಲು ತುಂಬುವ ತನಕ ಎಲ್ಲ ಸರಿಯಿತ್ತು. ಆಮೇಲೆ ಚೌಕಟ್ಟಿನ ನಡುವಿನ ಪಟ್ಟಿ ಲಟಕ್ಕೆಂದಿತು. ಒಂದು ಕಾಲು ಹೊರಕ್ಕೆ ವಾಲಿ, ತೊಟ್ಟಿ ಓರೆಯಾಗಿ ಗೋಡೆಗೆ ಒರಗಿ ನಿಂತಿತು. ನೀರು ಬಚ್ಚಲ ಹೊಸ್ತಿಲು ದಾಟಿ ಅಡುಗೆಮನೆಗೆ ನುಗ್ಗಿ, ಅಮ್ಮ ಆರಲೆಂದು ಹರವಿದ್ದ ರಾಗಿಯನ್ನು ಎತ್ತಿಕೊಂಡು ನಡುಮನೆಗೆ ಹರಿಯಿತು.

ಬಂದವರು ನಗು ತಡೆದುಕೊಂಡು ಒಬ್ಬೊಬ್ಬರಾಗಿ ಜಾರಿಕೊಂಡರು. ಮರ ಹಸಿಯಿತ್ತು ಎಂದು ಪಿಳ್ಳಣ್ಣ ಗೊಣಗಿದ. ಮರ ಕೊಟ್ಟವನು ಸರಿಯಿಲ್ಲ ಎಂದ ಅಪ್ಪ. ಇಬ್ಬರೂ ಮಾತಾಡಿಕೊಳ್ಳುತ್ತ ಟೀ ಅಂಗಡಿಯ ಕಡೆ ಹೊರಟೇಹೋದರು. ನಾನು ತೊಟ್ಟಿಗೆ ಪೆಟ್ಟು ಬಿದ್ದಿದೆಯೇ ಎಂದು ನೋಡಿ, ಇಲ್ಲವೆಂದು ಗೊತ್ತಾಗಿ, ತಿರುಗಿದೆ. ಅಮ್ಮ ನಡುಮನೆಯಲ್ಲಿ ನೆಲಕ್ಕೆ ಕೂತು, ಹಿಂಡಲಾಗದ ಬೆರಳುಗಳಲ್ಲಿ ಬಟ್ಟೆಯನ್ನು ಅಂಗೈಗಳ ನಡುವೆ ಒತ್ತಿ ಒತ್ತಿ ನೀರು ತೆಗೆಯುತ್ತಿದ್ದಳು. ಅವರು ಚೆಲ್ಲಿದ ನೀರು, ಇವಳು ಒರೆಸುವುದು.

ನಾನು ಸೀದಾ ಹಳೇ ಕೊಟ್ಟಿಗೆಯ ಜಾಗಕ್ಕೆ ಹೋದೆ. ದನ ಮಾರಿದ ಮೇಲೆ ಕೊಟ್ಟಿಗೆ ಬಿಚ್ಚಿ ಅದರ ಹೊನ್ನೆ ತೊಲೆಗಳನ್ನು ಅಪ್ಪ ಮೂಲೆಯಲ್ಲಿ ಪೇರಿಸಿಟ್ಟಿದ್ದ. ರಸ್ತೆಯ ಕಡೆ ಅಂಗಡಿ ಕಟ್ಟಿಸಿದಾಗ ಬಾಗಿಲಿಗೆ ಬೇಕಂತೆ. ಯಾರೂ ಮುಟ್ಟುವ ಹಾಗಿರಲಿಲ್ಲ. ಅದರಲ್ಲಿ ಒಂದನ್ನು ಅಂಗಳಕ್ಕೆ ಎಳೆದು ಹಾಕಿ, ಪಿಳ್ಳಣ್ಣ ಬಿಟ್ಟುಹೋಗಿದ್ದ ಗರಗಸದಲ್ಲಿ ಕುಯ್ಯಲು ಶುರುಮಾಡಿದೆ. ಹೊನ್ನೆ ಅಷ್ಟು ಸುಲಭಕ್ಕೆ ಬಗ್ಗುವ ಮರವಲ್ಲ. ನನ್ನ ಸಿಟ್ಟೂ ಬಗ್ಗುವುದಾಗಿರಲಿಲ್ಲ.

ಟೀ ಕುಡಿದು ಬಂದ ಅಪ್ಪ ಕೂಗಿಕೊಂಡ. "ಏಯ್! ಅಂಗಡಿ ಬಾಗಿಲಿಗೆ ಇಟ್ಟಿರೋ ಮರ ಕಣೇ ಅದು!"

"ಈ ತೊಲೆ ಕೆಳಗೆ ಸಗಣಿ ಬಾಚಿದ್ದು ಯಾರು?"

"ಅಂದ್ರೆ?"

"ಅಂದ್ರೆ ಇದು ಅಮ್ಮನ ಮರ. ಅಮ್ಮನಿಗೇ ಆಗ್ಲಿ."

ಅಪ್ಪ ಬಾಯಿಗೆ ಬಂದಂತೆ ಬೈದ. ಹೆಸರು ಸರ್ವಮಂಗಳಾ ಅಂತ ಇಟ್ಟಿದ್ದಕ್ಕೆ ತಾನೇ ತಲೆ ಚಚ್ಚಿಕೊಳ್ಳಬೇಕು ಎಂದ. ಬಜಾರಿ ಎಂದ, ಇವಳನ್ನು ಯಾರು ಕಟ್ಟಿಕೊಳ್ಳುತ್ತಾರೆ ಎಂದ. ನಾನು ಕುಯ್ಯುತ್ತಲೇ ಇದ್ದೆ. ಪಿಳ್ಳಣ್ಣ ಒಂದಷ್ಟು ಹೊತ್ತು ನೋಡಿದ. ಗರಗಸ ನನ್ನ ಕೈಯಲ್ಲಿ ಹಾಳಾಗುವುದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ. "ಬುಡವ್ವ, ಹಲ್ಲು ಮುರುದ್ಹೋಯ್ತದೆ" ಎಂದು ಕಿತ್ತುಕೊಂಡು ತಾನೇ ಕೂತ. ತೊಲೆ ಅಲ್ಲಾಡದ ಹಾಗೆ ನಾನು ಅದರ ಮೇಲೆ ಹತ್ತಿ ನಿಂತೆ.

ಚೌಕಟ್ಟಿನ ಲೆಕ್ಕ ಸುಲಭ. ತೊಟ್ಟಿಯ ತಳದ ಹಲಗೆಗಳಿಗೆ ಅಡ್ಡಲಾಗಿ ಮೂರು ದಪ್ಪ ತೊಲೆ. ಅವು ಪಕ್ಕಕ್ಕೆ ಸರಿಯದಂತೆ ಎರಡು ಉದ್ದ ಪಟ್ಟಿಗಳಲ್ಲಿ ಕಚ್ಚು ತೆಗೆದು ಕೂರಿಸುವುದು. ಕಾಲೇ ಇಲ್ಲ. ಭಾರವೆಲ್ಲ ತಳದಿಂದ ತೊಲೆಗೆ, ತೊಲೆಯಿಂದ ನೇರ ನೆಲಕ್ಕೆ. ತೊಟ್ಟಿಯ ಗೋಡೆಗಳ ಕೆಳ ಅಂಚು ಎಲ್ಲೂ ನೆಲಕ್ಕೆ ತಾಗುವ ಹಾಗಿಲ್ಲ, ತಾಗಿದರೆ ತಳ ಕಳಚಿಕೊಳ್ಳುತ್ತದೆ. ಬಚ್ಚಲ ನೆಲ ಮೋರಿಯ ಕಡೆ ಇಳಿಜಾರಾದ್ದರಿಂದ ಆ ಕಡೆಗೆ ಬೆಣೆ ಹೊಡೆಸಿದೆ. ತೊಲೆಯ ತುದಿಗಳಿಗೆ ಡಾಂಬರು ಬಳಿದೆ. ಅಪ್ಪನ ಪಾತ್ರೆ ಶಾಸ್ತ್ರಕ್ಕೂ ತೊಂದರೆಯಾಗಲಿಲ್ಲ, ಬಚ್ಚಲ ನೀರು ತೊಲೆಗಳ ನಡುವೆ ತನ್ನ ಪಾಡಿಗೆ ಹರಿದುಹೋಗುತ್ತಿತ್ತು.

ಕಷ್ಟ ಇದ್ದದ್ದು ಮೆಟ್ಟಿಲಿನಲ್ಲಿ. ಅಮ್ಮನನ್ನು ಕರೆದು ನೆಲದ ಮೇಲೆ ಇಟ್ಟಿಗೆ ಜೋಡಿಸಿ, ಕಾಲು ಎಷ್ಟೆತ್ತರಕ್ಕೆ ಏಳುತ್ತದೆ ಎಂದು ನೋಡಿದೆ. ಒಂದು ಇಟ್ಟಿಗೆ ಹತ್ತಿದಳು. ಎರಡು ಇಟ್ಟಾಗ ಮುಖ ಕಿವುಚಿದಳು, ಸಾಕು ಎಂದಳು. ಈ ಸಲದ ಸಾಕು ನನಗೆ ಬೇಕಾದ ಅಳತೆಯಾಗಿತ್ತು. ಒಂದೊಂದು ಇಟ್ಟಿಗೆಯಷ್ಟೇ ಎತ್ತರದ ಅಗಲ ಮೆಟ್ಟಿಲುಗಳು, ಕೊನೆಗೆ ತೊಟ್ಟಿಯ ಅಂಚಿನ ಮಟ್ಟಕ್ಕೆ ಒಂದು ಹಲಗೆ. ಹಲಗೆಯ ಮೇಲೆ ಕೂತು ಕಾಲು ತಿರುಗಿಸಿದರೆ ಕೂರಲೆಂದು ತೊಟ್ಟಿಯೊಳಗೆ ಇಟ್ಟ ಪೀಠ ಪಾದಕ್ಕೆ ಸಿಗಬೇಕು. ಹಿಡಿಯಲು ಒಂದು ದಪ್ಪ ಗೂಟ. ಅಮ್ಮನ ಮುಷ್ಟಿ ಪೂರ್ತಿ ಮುಚ್ಚುವುದಿಲ್ಲವಾದ್ದರಿಂದ ಸಣ್ಣ ಗೂಟ ಕೈಯಿಂದ ಜಾರುತ್ತದೆ. ಅದಕ್ಕೆ ತೆಂಗಿನ ನಾರಿನ ಹಗ್ಗ ಸುತ್ತಿದೆ.

ಮುಗಿದ ಮೇಲೆ ತೊಟ್ಟಿ ಕೂರಿಸಿ ತುಂಬಿಸಿದೆವು. ಯಾರನ್ನೂ ಕರೆಯಲಿಲ್ಲ. ನೀರು ಅಂಚಿನ ತನಕ ಬಂದರೂ ತೊಲೆಗಳು ಕಿಮಕ್ಕೆನ್ನಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ಕಾದು ನೋಡಿದ, ಮುರಿಯಲಿ ಎಂದೇ ಕಾದಿದ್ದನೋ ಏನೋ. ಕೊನೆಗೆ, "ಹೂಂ. ದೀಪಾವಳಿಗೆ ಅಳಿಯ ಬರ್ತಾನೆ, ತೋರುಸ್ಬೋದು" ಎಂದು ಹೋದ. ಬಾಯಿಬಿಟ್ಟು ಒಳ್ಳೇದಾಗಿದೆ ಎನ್ನಲು ಅವನಿಗೆ ಏನು ಬಂದಿತ್ತು ಧಾಡಿ.

ಮೊದಲ ಬಿಸಿನೀರು ಹಬ್ಬಕ್ಕೇ ಆಗಲಿ ಎಂದು ಅಮ್ಮ ಹಟ ಹಿಡಿದಳು. ನೀರು ತುಂಬುವ ಹಬ್ಬದ ಸಂಜೆ ಹಂಡೆ ತಿಕ್ಕಿ, ಕೆಮ್ಮಣ್ಣು ಬಳಿದು, ಸುಣ್ಣದ ಗೆರೆ ಎಳೆದಳು. ಆಮೇಲೆ ಯಾರೂ ಹೇಳದಿದ್ದರೂ ನನ್ನ ಮೂರು ತೊಲೆಗಳ ಮೇಲೂ ಒಂದೊಂದು ಗೆರೆ ಎಳೆದು, ತೊಟ್ಟಿಗೆ ಹೂವಿನ ಸರ ಸುತ್ತಿದಳು. ಅವಳು ಗುನುಗುವುದನ್ನು ನಾನು ಎಷ್ಟೋ ಕಾಲದ ಮೇಲೆ ಕೇಳಿದ್ದು ಅವತ್ತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಹಂಡೆ ಕುದಿಯುತ್ತಿತ್ತು. ತೊಟ್ಟಿಗೆ ಹದವಾಗಿ ನೀರು ಬೆರೆಸಿ ನಾನು ಅಮ್ಮನನ್ನು ಕರೆಯಲು ಬಂದೆ. ಅಮ್ಮ ನಡುಮನೆಯಲ್ಲಿ ಭಾವ ದೇವದಾಸನನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ಇಡುತ್ತಿದ್ದಳು.

"ಅಮ್ಮ, ಮೊದಲು ನೀನು."

"ಮನೆ ಅಳಿಯನ್ನ ಕೂರುಸ್ಕಂಡು ನಾನು ಹೋಗ್ಲಾ? ಸುಮ್ನಿರು."

ಸರಿ, ಮೊದಲು ಹಬ್ಬದ ಅಳಿಯನೇ ಹೋಗಲಿ ಎಂದುಕೊಂಡೆ. "ಭಾವ, ತೊಟ್ಟಿ ಹೊರಗೇ ಸೀಗೆಪುಡಿ ಹಾಕಿ ಎಣ್ಣೆಯೆಲ್ಲ ತೊಳ್ಕೊಳ್ಳಿ. ಆಮೇಲೆ ಒಳಗೆ ಇಳೀರಿ. ಅದೇ ನೀರಲ್ಲಿ ಎಲ್ರೂ ಕೂರ್ಬೇಕು" ಎಂದೆ.

ಅಪ್ಪ ಬಿದ್ದು ಬಿದ್ದು ನಕ್ಕ. "ತೊಳ್ಕಂಡ್ಮೇಲೆ ಇನ್ಯಾತಕ್ಕಮ್ಮ ಸ್ನಾನ?"

ಭಾವನೂ ನಕ್ಕ. ಮೈತುಂಬ ಎಣ್ಣೆಯೊಂದಿಗೆ ಹೋಗಿ ತೊಟ್ಟಿಯೊಳಗೇ ಕೂತು ಸೀಗೆಪುಡಿ ಉಜ್ಜಿಕೊಂಡ. ಅವನ ನಂತರ ಅಪ್ಪ, ಅದೇ ಎಣ್ಣೆ, ಅದೇ ಸೀಗೆಪುಡಿ, ಜೊತೆಗೆ ಹಾಡು ಬೇರೆ. ನಾನು ಹಿತ್ತಿಲಿನಲ್ಲಿ ಸೌದೆ ಒಡೆಯುತ್ತಿದ್ದೆ. ಒಳಗೆ ಬಂದು ನೋಡಿದಾಗ ತೊಟ್ಟಿಯ ನೀರು ಕದಡಿ ಹೋಗಿ, ಮೇಲೆ ಎಣ್ಣೆಯ ಜಿಡ್ಡು ತೇಲುತ್ತಿತ್ತು. ಕೈ ಅದ್ದಿದರೆ ಬಿಸಿಯೂ ಇಲ್ಲ. ಅಮ್ಮ ಸೀರೆ ಎತ್ತಿ ಸಿಕ್ಕಿಸಿ, ತೊಟ್ಟಿಯ ಪಕ್ಕ ನೆಲದಲ್ಲಿ ಕೂತು, ಆ ನೀರಿಗೇ ಚೊಂಬು ಇಳಿಸಲು ಕೈ ಚಾಚಿದ್ದಳು.

"ಏನ್ ಮಾಡ್ತಿದ್ದೀಯಮ್ಮ?"

"ಇದೇ ಸಾಕು ಬಿಡು. ಎರಡು ಚೊಂಬು ಸುರ್ಕೊಂಡು ಬರ್ತೀನಿ. ಹೋಳಿಗೆಗೆ ಹೊತ್ತಾಯ್ತು."

"ತೊಳ್ಕಂಡು ಇಳೀಬೇಕು ಅಂತ ಪುಮಿಯಮ್ಮ ಹೇಳ್ಕೊಟ್ಟಿದ್ದು ನಿಂಗೆ. ನಿಂಗೆ ಗೊತ್ತಿತ್ತು. ಒಂದು ಮಾತು ಆಡ್ಲಿಲ್ವಲ್ಲ!"

"ಅಳಿಯನಿಗೆ ಹೆಂಗಮ್ಮ ಹೇಳೋದು, ಮೈ ತೊಳ್ಕಂಡು ಬಾ ಅಂತ?"

ಅಪ್ಪನ ಮೇಲೆ ಬಂದ ಸಿಟ್ಟು, ಪಿಳ್ಳಣ್ಣನ ಮೇಲೆ ಬಂದ ಸಿಟ್ಟು ಎಲ್ಲ ಅದರ ಮುಂದೆ ಏನೂ ಅಲ್ಲ. ನನಗೆ ಆ ಹೊತ್ತು ಅಮ್ಮನ ಭುಜ ಹಿಡಿದು ಅಲ್ಲಾಡಿಸಬೇಕೆನಿಸಿತು. ಅವಳಿಗಾಗಿ ನಾನು ಮೆಟ್ಟಿಲು ಕಟ್ಟಬಹುದು, ಅವಳು ಅದನ್ನು ಹತ್ತದೆ ಪಕ್ಕದಲ್ಲಿ ಕೂತರೆ ನಾನೇನು ಮಾಡಲಿ? ಬಗ್ಗಿ ತೊಟ್ಟಿಯ ತಳದ ಬಿರಡೆ ಕಿತ್ತೆ.

ನೀರು ತೊಲೆಗಳ ನಡುವೆ ಭೋರೆಂದು ಹರಿದು ಮೋರಿಗೆ ಬಿತ್ತು. ಸದ್ದಿಗೆ ಅಪ್ಪ ಹೊಸ ಪಂಚೆಯಲ್ಲೇ ಓಡಿಬಂದ.

"ಹಬ್ಬಕ್ಕೆ ತುಂಬಿದ ನೀರು ಚೆಲ್ತೀಯೇನೇ ಪಾಪಿ? ಮನೆ ಲಕ್ಷ್ಮಿ ಆಚೆ ಹೋಗ್ತಾಳೆ!"

"ನಿಮ್ ಎಣ್ಣೆ ಜಿಡ್ಡಿನಾಗೆ ಲಕ್ಷ್ಮಿ ಯಾಕಪ್ಪ ಕೂರ್ತಾಳೆ?"

ಅಮ್ಮನೂ ನನ್ನನ್ನೇ ಬೈದಳು. ಹಬ್ಬದ ದಿನ ರಂಪ ಮಾಡುತ್ತೀಯಾ, ಮಾನ ತೆಗೆಯುತ್ತೀಯಾ ಎಂದಳು. ಚೊಂಬು ಹಿಡಿದು ಹಂಡೆಯ ಕಡೆ ಹೊರಟಳು. ನಾನು ಚೊಂಬು ಕಿತ್ತುಕೊಂಡು ಮೆಟ್ಟಿಲ ಮೇಲೆ ಕೂತೆ.

"ಕೇಳಿ ಎಲ್ರೂ" ಎಂದೆ, ನಡುಮನೆಗೆ ಕೇಳುವಷ್ಟು ಜೋರಾಗಿ. "ಹಬ್ಬದ ದಿನ ತಲೆಗೆ ನೀರು ಬೀಳ್ದೆ ಅಮ್ಮ ಒಲೆ ಮುಟ್ಟಲ್ಲ. ಅಕ್ಕ ಬಾಣಂತಿ, ಅಡುಗೆಮನೆಗೆ ಬರಂಗಿಲ್ಲ. ನಾನು ಇಲ್ಲಿಂದ ಏಳಲ್ಲ. ಅಮ್ಮನ ಸ್ನಾನ ಇವತ್ತು ಈ ತೊಟ್ಟೀಲೇ, ಹೊಸ ನೀರಲ್ಲೇ. ಯಾರಿಗೆ ಹೋಳಿಗೆ ಬೇಕೋ ಅವ್ರು ನೀರು ಸೇದಿ."

ಆಚೆ ಬೀದಿಯಲ್ಲಿ ಪಟಾಕಿ ಸಿಡಿಯುತ್ತಿತ್ತು. ಭಾವ ಪಾಪ, ತಲೆ ತಗ್ಗಿಸಿಕೊಂಡು ಬಂದು ಕೊಡ ಎತ್ತಿಕೊಂಡ. ಅಪ್ಪ ಗಾಬರಿಯಾಗಿ ಅವನ ಕೈಯಿಂದ ಕೊಡ ಕಸಿದ. ಹಬ್ಬಕ್ಕೆ ಬಂದ ಅಳಿಯ ಮಾವನ ಮನೆಯ ಬಾವಿಯಲ್ಲಿ ನೀರು ಸೇದುವುದನ್ನು ಬೀದಿಯವರು ಕಂಡರೆ ಗತಿಯೇನು? ಕೊಡ ಕೈಗೆ ಬಂದಿತ್ತು. ಕೆಳಗಿಡುವ ಹಾಗಿರಲಿಲ್ಲ. ಅಪ್ಪ ನನ್ನನ್ನು ಸುಡುವ ಹಾಗೆ ನೋಡಿ ಬಾವಿಯ ಕಡೆ ನಡೆದ.

ರಾಟೆ ಕಿರುಗುಟ್ಟತೊಡಗಿತು. ಅಪ್ಪ ಸೇದಿ ತಂದು ಹೊಸ್ತಿಲಲ್ಲಿ ಇಡುತ್ತಿದ್ದ, ನಾನು ಹಂಡೆಗೂ ತೊಟ್ಟಿಗೂ ಸುರಿಯುತ್ತಿದ್ದೆ. ಮೊದಲು ತೊಟ್ಟಿಯನ್ನು ತೆಂಗಿನ ನಾರು ಹಾಕಿ ಉಜ್ಜಿ ಜಿಡ್ಡು ತೆಗೆದೆ. ಬಾಗಿಲು ಹಾಕಿಕೊಂಡು ಅಮ್ಮನ ತಲೆಗೆ, ಬೆನ್ನಿಗೆ ಎಣ್ಣೆ ಒತ್ತಿದೆ. ಸೀಗೆಪುಡಿ ಹಾಕಿ ತೊಳೆದೆ. ಅಮ್ಮ ಸಿಟ್ಟಿನಲ್ಲಿ ಮುಖ ಆಚೆ ತಿರುಗಿಸಿಯೇ ಕೂತಿದ್ದಳು. ಈ ಮನೆಯಲ್ಲಿ ಇದುವರೆಗೆ ಅವಳ ತಲೆಗೆ ಎಣ್ಣೆ ಇಟ್ಟವರು ಯಾರೂ ಇಲ್ಲ ಎಂಬುದು ಆಗ ಹೊಳೆದು ನನ್ನ ಕೈ ತಡೆಯಿತು.

ನೀರು ಕಾದ ಮೇಲೆ ಅಮ್ಮ ಗೂಟ ಹಿಡಿದು ಒಂದು ಮೆಟ್ಟಿಲು ಹತ್ತಿದಳು. ನಿಂತಳು. ಇನ್ನೊಂದು ಹತ್ತಿದಳು. ನಾನು ಕೈ ಕೊಡಲು ಹೋದರೆ ತಳ್ಳಿದಳು. ಮೇಲಿನ ಹಲಗೆಯ ಮೇಲೆ ಕೂತು, ಕಾಲುಗಳನ್ನು ಒಂದೊಂದಾಗಿ ತಿರುಗಿಸಿ, ಒಳಗಿನ ಪೀಠವನ್ನು ಪಾದದಲ್ಲಿ ತಡವಿ ಹುಡುಕಿ, ಇಳಿದು ಕೂತಳು. ತೊಲೆಗಳು ಅಲ್ಲಾಡಲಿಲ್ಲ. ನೀರು ಅವಳ ಎದೆಯ ತನಕ ಬಂತು. ಒಂದು ಉದ್ದ ಉಸಿರು ಬಿಟ್ಟಳು.

ಬಾಗಿಲಾಚೆ ಅಪ್ಪ ಕೊಡ ಕುಕ್ಕಿದ ಸದ್ದಾಯಿತು. ಏದುಸಿರು ಬಿಡುತ್ತ, "ಲೇ ಗೌರೀ, ಇಷ್ಟು ಸಾಕಲ್ವೇನೇ?" ಎಂದು ಅಮ್ಮನನ್ನು ಕೇಳಿದ.

ತಕ್ಕ ಉತ್ತರ ಕೊಡಲು ನಾನು ಬಾಯಿ ತೆರೆದೆ. ಅಮ್ಮ ನೀರಿನಿಂದ ಕೈಯೆತ್ತಿ ನನ್ನನ್ನು ತಡೆದಳು. ಬೆರಳುಗಳು ಆಗಲೇ ಒಂದಿಷ್ಟು ಬಿಡಿಸಿಕೊಂಡಿದ್ದವು.

"ಸಾಲ್ದು" ಎಂದಳು ಅಮ್ಮ. "ಕತ್ತಿನವರ್ಗೂ ಬರ್ಬೇಕು."

ಆಚೆ ಅಪ್ಪ ಖಾಲಿ ಕೊಡ ಎತ್ತಿಕೊಂಡು ಹೋದದ್ದು ಕೇಳಿಸಿತು, ಬಾವಿಯ ಕಡೆಯಿಂದ ರಾಟೆಯ ಸದ್ದು ಮತ್ತೆ ಶುರುವಾಯಿತು.